ಐರ್ಲೆಂಡಿನಿಂದ – 9: ‘ಅವರದ್ದು ಮೊದಲಿಂದಲೂ ಹಾಗೇ’ ಅನ್ನೋರಿಗೆ

ಹೋದ ಶನಿವಾರ ನಮ್ಮ ವಾರ್ಡಿನ ಐರಿಷ್ ನರ್ಸ್ ಒಬ್ಬಳ ಮದುವೆಗೆ ಹೋಗಿದ್ದೆ. ಉಂಗುರ ಹಿಡಿದು ಮುಂದೆ ನಡೆದವನು ಅವಳದೇ ನಾಲ್ಕು ವರ್ಷದ ಮಗ. ಹುಡುಗಿಯ ಅಜ್ಜಿ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದರು. ವಿಷಯ ಕೇಳಿ ನಮ್ಮ ಅತ್ತಿಗೆ ಅಂದರು, "ಬಿಡೇ, ಅವರದ್ದು ಮೊದಲಿಂದಲೂ ಹಾಗೇ."

ಇಲ್ಲ ಅತ್ತಿಗೆ. ಆ ಅಜ್ಜಿ ಹುಡುಗಿಯಾಗಿದ್ದಾಗ ಇಲ್ಲಿ ನಮ್ಮೂರಿಗಿಂತ ಬಿಗಿ ಇತ್ತು.

ಮದುವೆಯಾಗದೆ ಬಸಿರಾದವಳನ್ನು ಮನೆಯವರೇ ‘ತಾಯಿ-ಮಗುವಿನ ಗೃಹ’ಕ್ಕೆ ಬಿಟ್ಟು ಬರುತ್ತಿದ್ದರು. ಇಂಥ ಎಷ್ಟೋ ಗೃಹಗಳನ್ನು ನಡೆಸುತ್ತಿದ್ದವರು ನನ್‌ಗಳು. ಹೆತ್ತ ಮೇಲೆ ಎಷ್ಟೋ ಮಕ್ಕಳು ದತ್ತು ಹೋದವು. ಸರ್ಕಾರ ನೇಮಿಸಿದ ಆಯೋಗ 2021ರಲ್ಲಿ ಲೆಕ್ಕ ಕೊಟ್ಟಿತು: 1922ರಿಂದ 1998ರವರೆಗೆ, 18 ಸಂಸ್ಥೆಗಳಲ್ಲಿ ಸುಮಾರು 56,000 ತಾಯಂದಿರು, 57,000 ಮಕ್ಕಳು. ಅದರಲ್ಲಿ ಸುಮಾರು 9,000 ಮಕ್ಕಳು ಸತ್ತುಹೋದವು. ನಾನು ಆ ಸಂಖ್ಯೆಯನ್ನು ಎರಡು ಸಲ ಓದಿದೆ. ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಬದಲಾವಣೆ ಒಂದೇ ದಿನ ಬರಲಿಲ್ಲ. 1973ರಲ್ಲಿ ಮದುವೆಯಾಗದ ತಾಯಂದಿರಿಗೆ ಸರ್ಕಾರ ಭತ್ಯೆ ಶುರುಮಾಡಿತು. ಕೈಯಲ್ಲಿ ನಾಲ್ಕು ಕಾಸು ಬಂದಾಗ ಮಗುವನ್ನು ತಾನೇ ಸಾಕುತ್ತೇನೆ ಅನ್ನುವ ಧೈರ್ಯವೂ ಬಂತು. ಗರ್ಭನಿರೋಧಕಗಳ ಮಾರಾಟಕ್ಕೆ 1935ರಿಂದ ನಿಷೇಧವಿತ್ತು. 1979ರ ಕಾನೂನು ಡಾಕ್ಟರ ಚೀಟಿ ಇದ್ದರೆ ಕೊಡಬಹುದು ಅಂದಿತು. ಕಾಂಡೋಮ್‌ಗೆ ಚೀಟಿ ಬೇಡ ಅಂತಾದದ್ದು 1985ರಲ್ಲಿ.

ಅದಕ್ಕೆ ಒಂದು ವರ್ಷ ಮುಂಚೆ, 1984ರ ಜನವರಿಯಲ್ಲಿ, ಗ್ರಾನಾರ್ಡ್ ಎಂಬ ಸಣ್ಣ ಊರಲ್ಲಿ ಆ್ಯನ್ ಲವೆಟ್ ಎಂಬ 15 ವರ್ಷದ ಹುಡುಗಿ ಮೇರಿ ಮಾತೆಯ ಮೂರ್ತಿಯ ಹತ್ತಿರ ಒಬ್ಬಳೇ ಹೆತ್ತಳು. ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಆಮೇಲೆ ದೇಶದ ಮೂಲೆಮೂಲೆಯಿಂದ ಹೆಂಗಸರು ತಾವು ಮುಚ್ಚಿಟ್ಟಿದ್ದನ್ನೆಲ್ಲ ಬರೆದು ರೇಡಿಯೋಗೆ ಕಳಿಸಿದರು. ಗೇ ಬರ್ನ್ ಅವರ ಕಾರ್ಯಕ್ರಮದಲ್ಲಿ ಆ ಕಾಗದಗಳನ್ನು ಓದಿದರು. 1987ರ ಕಾನೂನು ‘ಅಕ್ರಮ ಸಂತಾನ’ ಎಂಬ ಭೇದವನ್ನೇ ತೆಗೆದುಹಾಕಿತು. ಇವತ್ತು ಇಲ್ಲಿ ಹುಟ್ಟುವ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚು ಮದುವೆಯ ಹೊರಗೆ ಹುಟ್ಟಿದವು. ಯಾರೂ ತಿರುಗಿ ನೋಡುವುದಿಲ್ಲ.

ಇಲ್ಲಿನವರ ಹಾಗೆ ಬದುಕಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಹೈಸ್ಕೂಲಿನಲ್ಲಿ ಒಬ್ಬಳು ‘ಅಜ್ಜಿ ಮನೆಗೆ’ ಅಂತ ಹೋದವಳು ಮತ್ತೆ ಕ್ಲಾಸಿಗೆ ಬರಲೇ ಇಲ್ಲ, ನೆನಪಿದೆಯಾ? ಯಾಕೆ ಅಂತ ನಮಗೆಲ್ಲ ಗೊತ್ತಿತ್ತು. ಒಬ್ಬರೂ ಅವಳ ಮನೆಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಈಗ ನಮ್ಮ ಹೆಣ್ಣುಮಕ್ಕಳು ದೊಡ್ಡವರಾಗುತ್ತಿದ್ದಾರೆ. ತಪ್ಪೋ ಸರಿಯೋ ಆಮೇಲೆ ಮಾತಾಡೋಣ, ಮೊದಲು ಹೆದರದೆ ನಮ್ಮ ಹತ್ತಿರ ಬಂದು ಹೇಳುವ ಹಾಗಿರಲಿ.