ನಿನೆವೆಯ ಪತನ

ಹಳೆಯ ಒಡಂಬಡಿಕೆಯಲ್ಲಿ ನಹೂಮನೆಂಬ ಪ್ರವಾದಿಯ ಪುಸ್ತಕ ಬರಿಯ ಮೂರು ಅಧ್ಯಾಯಗಳದು. ಅವುಗಳ ಮಾತು ಹೆಚ್ಚುಕಡಿಮೆ ಒಂದೇ: ಅಶ್ಶೂರರ ರಾಜಧಾನಿ ನಿನೆವೆ ಹಾಳಾಗುತ್ತದೆ, ಹಾಳಾಗಲೇಬೇಕು. ಆ ನಗರದ ಮಟ್ಟಿಗೆ ಕರುಣೆಯ ಸೋಂಕೂ ಇಲ್ಲದ ಕಾವ್ಯವಿದು. ಈ ಕ್ರೋಧದ ಬೇರು ತಿಳಿಯಬೇಕಾದರೆ ಅಶ್ಶೂರರೇ ಕೊರೆಸಿಟ್ಟ ಸಾಕ್ಷ್ಯವನ್ನು ನೋಡಬೇಕು.

ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲಿನ ಸಮಾರ್ಯ ಅವರ ಕೈಗೆ ಬಿದ್ದಿತು. 701ರಲ್ಲಿ ಸನ್ಹೇರೀಬನು ಯೆಹೂದದ ಲಾಕೀಷ್ ಕೋಟೆಯನ್ನು ಹಿಡಿದು, ಆ ವಿಜಯವನ್ನು ನಿನೆವೆಯ ಅರಮನೆಯ ಕೋಣೆಯೊಂದರ ಗೋಡೆಗಳ ತುಂಬ ಶಿಲ್ಪವಾಗಿಸಿದನು. 19ನೆಯ ಶತಮಾನದ ನಡುಭಾಗದಲ್ಲಿ ಲೇಯಾರ್ಡ್ ಅಗೆದು ತೆಗೆದ ಆ ಚಪ್ಪಡಿಗಳು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಶೂಲಕ್ಕೇರಿದವರು, ಚರ್ಮ ಸುಲಿಸಿಕೊಳ್ಳುವವರು, ಎತ್ತಿನ ಗಾಡಿಯಲ್ಲಿ ಗಂಟುಮೂಟೆಯೊಡನೆ ಗಡೀಪಾರಾಗಿ ಹೊರಟ ಹೆಂಗಸರು ಮಕ್ಕಳು ಎಲ್ಲರೂ ಅಲ್ಲಿದ್ದಾರೆ. ಇನ್ನೊಂದು ಶಿಲ್ಪದಲ್ಲಿ ಅಶ್ಶೂರಬಾನಿಪಾಲನು ರಾಣಿಯೊಡನೆ ಉದ್ಯಾನದಲ್ಲಿ ಪಾನಗೋಷ್ಠಿ ನಡೆಸುತ್ತಿದ್ದಾನೆ. ಪಕ್ಕದ ಮರದಲ್ಲಿ ಏಲಾಮಿನ ರಾಜನ ತಲೆ ತೂಗುತ್ತಿದೆ. ಕ್ರೌರ್ಯ ಯಾವ ರಾಜ್ಯದಲ್ಲಿ ನಡೆದಿಲ್ಲ? ಇವರು ಅದನ್ನು ಮನೆಯ ಅಲಂಕಾರವಾಗಿಸಿಕೊಂಡರು.

ನಹೂಮನ ತರ್ಕ ಸರಳವಾದುದು. ನೀರೇ ಕೋಟೆಯಾಗಿದ್ದ ಥೀಬ್ಸ್ ನಗರವನ್ನು ಅಶ್ಶೂರರು 663ರಲ್ಲಿ ಸೂರೆಗೊಂಡಿದ್ದರು. ನೀನೇನು ಅದಕ್ಕಿಂತ ಮೇಲೋ ಎಂದು ಅವನು ನಿನೆವೆಯನ್ನೇ ಕೇಳುತ್ತಾನೆ. 612ರಲ್ಲಿ ಬಾಬಿಲೋನಿನವರೂ ಮೇದ್ಯರೂ ಕೂಡಿ ಮೂರು ತಿಂಗಳ ಮುತ್ತಿಗೆಯಲ್ಲಿ ಅದನ್ನು ಕೆಡವಿದರು. 401ರಲ್ಲಿ ಗ್ರೀಕ್ ಸೈನಿಕರೊಡನೆ ಆ ದಾರಿಯಲ್ಲಿ ಹಾದ ಕ್ಸೆನೊಫೋನನು ಹಾಳುಗೋಡೆಗಳನ್ನು ವರ್ಣಿಸಿದ್ದಾನೆ. ನಿನೆವೆಯೆಂಬ ಹೆಸರು ಮಾತ್ರ ಅವನ ಬರಹದಲ್ಲಿಲ್ಲ.

ಸುದ್ದಿ ಕೇಳಿದವರೆಲ್ಲ ಚಪ್ಪಾಳೆ ತಟ್ಟುವುದರೊಂದಿಗೆ ನಹೂಮನ ಪುಸ್ತಕ ಮುಗಿಯುತ್ತದೆ. ನನಗೆ ಆ ಚಪ್ಪಾಳೆ ಸೇರಲಾರದು. 1989-90ರಲ್ಲಿ ನಗರದ ಹಲ್ಜಿ ಬಾಗಿಲನ್ನು ಅಗೆದವರಿಗೆ, ಸತ್ತಲ್ಲಿಯೇ ಬಿದ್ದ ಅಸ್ಥಿಪಂಜರಗಳು ಸಿಕ್ಕಿದವು. ಅವುಗಳಲ್ಲಿ ಎಳೆಯರದೂ ಇತ್ತು. ಲಾಕೀಷಿನ ಗಾಡಿಯ ಮೇಲೆ ಕುಳಿತ ಮಗುವಿಗೂ ಈ ಮಗುವಿಗೂ ನಾನು ಭೇದ ಕಾಣೆ.

ಅಶ್ಶೂರವನ್ನು ದೇವರ ಕೈಯ ಕೋಲೆಂದು ಯೆಶಾಯನು ಕರೆದಿದ್ದ. ಕೋಲು ಮುರಿಯಿತು, ನಿಜ. ಆದರೆ ಅದನ್ನು ಮುರಿದ ಬಾಬಿಲೋನೇ ಕಾಲು ಶತಮಾನ ಕಳೆಯುವಷ್ಟರಲ್ಲಿ ಯೆರೂಸಲೇಮನ್ನೂ ಸುಟ್ಟಿತು. ದುಷ್ಟನನ್ನು ದಂಡಿಸಲು ಇನ್ನೂ ದುಷ್ಟನೇ ಬೇಕೆ ಎಂದು ಹಬಕ್ಕೂಕನು ದೇವರೊಡನೆ ವಾದಕ್ಕೇ ನಿಂತ.

ಹನ್ನೆರಡು ಕಿರುಪ್ರವಾದಿಗಳ ಅದೇ ಸಂಕಲನದಲ್ಲಿ ಯೋನನ ಕಥೆಯೂ ಇದೆ. ಅಲ್ಲಿ ನಿನೆವೆ ಪಶ್ಚಾತ್ತಾಪಪಟ್ಟು ಉಳಿಯುತ್ತದೆ. ಉಳಿಯಿತಲ್ಲ ಎಂದು ಯೋನ ಮುನಿದು ಊರ ಹೊರಗೆ ಕೂರುತ್ತಾನೆ. ಎಡಬಲ ತಿಳಿಯದ 1,20,000 ಜನ, ಅಷ್ಟೊಂದು ದನಕರು ಇರುವ ಊರಿಗೆ ಕನಿಕರಪಡಬಾರದೇ ಎಂದು ದೇವರು ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಗೇ ನಿಲ್ಲುತ್ತದೆ. ಯೋನನ ಉತ್ತರವನ್ನು ಬರೆದಿಲ್ಲ.