ನಾಯಿ ಕಟಿಂಗಿಗೆ ಎರಡು ಸಾವಿರನಾ?

ಏಪ್ರಿಲ್ ತಿಂಗಳ ಒಂದು ರಾತ್ರಿ. ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರುವಷ್ಟರಲ್ಲಿ ದೇವದುರ್ಗದಿಂದ ಒಬ್ಬ ವೀಕ್ಷಕರ ಫೋನು. ಯಾವುದೋ ಸುದ್ದಿಗೆ ಬೈಯೋಕೆ ಮಾಡಿರಬೇಕು ಅಂದುಕೊಂಡೆ. ಅಲ್ಲ. "ಸರ್, ನಮ್ಮನ್ಯಾಗ ಒಂದು ಶಿಟ್ಜು ನಾಯಿ ಐತ್ರಿ. ಮಗಳು ಹಟ ಮಾಡಿ ತರಿಸ್ಯಾಳ. ಕೂದಲು ಬೆಳೆದು ಕಣ್ಣು ಮುಚ್ಚ್ಯಾವ. ರಾಯಚೂರಿಗೆ ಒಯ್ದು ಕಟಿಂಗ್ ಮಾಡಿಸಿದ್ರ ಕಾರಿನ ಎಣ್ಣಿ ಸೇರಿ ಎರಡು ಸಾವಿರದ ಮ್ಯಾಲೆ ಆತ್ರಿ. ನನ್ನ ಕಟಿಂಗಿಗೆ ನೂರು ರೂಪಾಯಿ ಕೊಡಾಕ ನಾ ಚೌಕಾಸಿ ಮಾಡ್ತೀನಿ. ಇದು ನ್ಯಾಯ ಏನ್ರಿ?"

ಮೊದಲು ನಗು ಬಂತು. ಬರಗಾಲ, ಕಾಲುವೆಯ ಕೊನೆ ಭಾಗಕ್ಕೆ ತಲುಪದ ನೀರು, ಗುಳೆ ಹೋಗುವ ಜನ. ರಾಯಚೂರು ಜಿಲ್ಲೆ ಅಂದರೆ ನಮ್ಮ ಚಾನೆಲ್ಲುಗಳಿಗೆ ಇಷ್ಟೇ ಗೊತ್ತು. ಆ ದೇವದುರ್ಗದಿಂದ ನಾಯಿ ಕಟಿಂಗಿನ ಪ್ರಶ್ನೆ! ಆದರೆ ಅದೇ ವಾರ ಮಾನ್ವಿಯಿಂದಲೂ ಹೆಚ್ಚು ಕಡಿಮೆ ಇಂಥದ್ದೇ ಒಂದು ಮೆಸೇಜು ಬಂದಾಗ ನಗು ನಿಂತಿತು. ಜನ ದುಡ್ಡು ಕೊಡುತ್ತಿದ್ದಾರೆ, ಯಾತಕ್ಕೆ ಕೊಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಕೊಡುತ್ತಿದ್ದಾರೆ. ಹಾಗಾದರೆ ಇದು ಸುದ್ದಿಯೇ.

ಮೊದಲಿಗೆ ಒಂದು ಮಾತು. ನಾಯಿಗೆ ಖರ್ಚು ಮಾಡುವುದು ಈಗಿನವರ ಶೋಕಿ ಅನ್ನುವವರು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋಗಿ ಒಂದು ಕಲ್ಲು ನೋಡಿ ಬರಬೇಕು. ಅದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಕ್ರಿ.ಶ. 949ರ ಆಸುಪಾಸಿನದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಗೆದ್ದವರು ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಅವನ ಜೊತೆಗಿದ್ದ ಗಂಗರ ಬೂತುಗ. ಬೂತುಗನ ಕಡೆಯ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿದ ಕೃಷ್ಣ, ಏನು ಬೇಕೋ ಕೇಳು ಅಂದ. ಚಕ್ರವರ್ತಿ ಹೀಗೆ ಕೇಳಿದರೆ ನೀವು ನಾವು ಏನು ಕೇಳುತ್ತಿದ್ದೆವು? ಮಣಲೇರ ಕೇಳಿದ್ದು ಒಂದು ನಾಯಿ. ಹೆಸರು ಕಾಳಿ.

ಆಮೇಲೆ ಆ ಕಾಳಿ ಬೇಟೆಯಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೆ ಎರಡು ಖಂಡುಗ ಭೂಮಿ ಬಿಟ್ಟರು. ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ ನಾಯಿಯ ಪಾಪ ಸುತ್ತಿಕೊಳ್ಳಲಿ ಅಂತ ಶಾಪವನ್ನೂ ಕೆತ್ತಿಸಿದರು. ಗೊರವ ಅಂದ ಕೂಡಲೇ ನಮ್ಮ ಕಡೆಯವರಿಗೆ ಮೈಲಾರಲಿಂಗನ ಗೊರವಯ್ಯ ನೆನಪಾಗುತ್ತಾನೆ, ನಾಯಿಯಂತೆ ಬೊಗಳುತ್ತಾ ದೋಣಿಗೆ ಬಾಯಿ ಹಾಕುವವನು. ಅದು ಬೇರೆ ಕಥೆ, ಇನ್ನೊಂದು ದಿನ ಹೇಳುತ್ತೇನೆ. ಇಲ್ಲಿ ನೋಡಬೇಕಾದದ್ದು ಲೆಕ್ಕ. ಸತ್ತ ನಾಯಿಗೆ ಎರಡು ಖಂಡುಗ ಭೂಮಿ. ದೇವದುರ್ಗದ ಯಜಮಾನರೇ, ನಿಮ್ಮ ಎರಡು ಸಾವಿರ ಏನು ಮಹಾ?

ಇನ್ನೂ ಹತ್ತಿರದ್ದು ಬೇಕಾ? ರಾಯಚೂರು ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರಲ್ಲಿ ಮೂರನೇ ಸೋಮೇಶ್ವರ ಅಂತ ಒಬ್ಬ ಅರಸ. ಈಗಿನ ಬಸವಕಲ್ಯಾಣವೇ ಅವನ ರಾಜಧಾನಿ. 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇರುವ ಆ ಗ್ರಂಥದಲ್ಲಿ ನಾಯಿಗಳಿಗೇ ಒಂದು ವಿಭಾಗ ಇದೆ, ಸಾರಮೇಯ ವಿನೋದ ಅಂತ.

ಆದರೆ ಒಂದು ವಿಷಯ ಗಮನಿಸಿ. ಅರಮನೆಯ ಬೇಟೆ ನಾಯಿ ಇರಲಿ, ಕುರುಬರ ಹಟ್ಟಿಯ ನಾಯಿ ಇರಲಿ, ಅದನ್ನು ನೋಡಿಕೊಳ್ಳಲು ಆಳು ಬೇಕಿತ್ತು, ಹಿಟ್ಟು ಬೇಕಿತ್ತು, ಮಾಂಸ ಬೇಕಿತ್ತು. ಕತ್ತರಿ ಬೇಕಿರಲಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ತಗೊಳ್ಳಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇದರ ಒಂದು ಜೋಡಿಯನ್ನು ಬ್ರಿಟಿಷ್ ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟ್ಯಾಂಪು ತಂದಿತು. 2016ರಲ್ಲಿ ಸೈನ್ಯದವರು ತರಬೇತಿಗೆ ಮೀರತ್‌ಗೆ ಒಯ್ದರು. ಇಷ್ಟೆಲ್ಲ ಹೆಸರು ಮಾಡಿದ ನಾಯಿಗೆ ಮೈಗಂಟಿದ ಗಿಡ್ಡ ಕೂದಲು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಉಗುರು ನೋಡಿ, ಕಿವಿ ನೋಡಿದರೆ ಅಲಂಕಾರ ಮುಗಿಯಿತು. ರಾಯಚೂರು ಕಡೆಯ ಕೆಂಗುರಿ ಕುರಿಯೂ ಹಾಗೇ, ಉಣ್ಣೆಗಲ್ಲ, ಮಾಂಸಕ್ಕೆ ಹೆಸರಾದ ತಳಿ. ಬಿಸಿಲು ನಲವತ್ತು ಡಿಗ್ರಿ ದಾಟುವ ಈ ನೆಲದಲ್ಲಿ ಮೈತುಂಬ ಕೂದಲು ಹೊತ್ತು ಬದುಕುವುದು ಕಷ್ಟ ಅಂತ ನಮ್ಮ ಹಿರಿಯರಿಗೆ ಪುಸ್ತಕ ಓದದೆಯೇ ಗೊತ್ತಿತ್ತು.

ಹಾಗಾದರೆ ಕತ್ತರಿ ಬಂದದ್ದು ಎಲ್ಲಿಂದ? ಯುರೋಪಿನಿಂದ. ಪೂಡಲ್ ಅನ್ನುವ ಗುಂಗುರು ಕೂದಲಿನ ನಾಯಿ ಅಸಲಿಗೆ ನೀರಿಗೆ ಹಾರಿ ಬೇಟೆಯ ಬಾತು ಎತ್ತಿ ತರುತ್ತಿದ್ದ ನಾಯಿ. ಕೂದಲು ನೆನೆದು ಭಾರವಾದರೆ ಈಜಲಾಗದು, ಪೂರ್ತಿ ಬೋಳಿಸಿದರೆ ಚಳಿ. ಅದಕ್ಕೆ ಎದೆ ಮತ್ತು ಕೀಲುಗಳ ಮೇಲೆ ಬಿಟ್ಟು ಉಳಿದದ್ದನ್ನು ಕತ್ತರಿಸುತ್ತಿದ್ದರು ಅಂತ ಹೇಳುತ್ತಾರೆ. ಕೆಲಸಕ್ಕಾಗಿ ಶುರುವಾದದ್ದು ಆಮೇಲೆ ಫ್ಯಾಷನ್ ಆಯಿತು. ಹದಿನೆಂಟನೇ ಶತಮಾನದ ಪ್ಯಾರಿಸ್‌ನಲ್ಲಿ ಸೇನ್ ನದಿಯ ದಂಡೆಯಲ್ಲಿ ನಾಯಿ ಕೂದಲು ಕತ್ತರಿಸುವವರು ಬೀದಿಯಲ್ಲೇ ಕೂತಿರುತ್ತಿದ್ದರು, ನಮ್ಮ ಸಂತೆಯಲ್ಲಿ ಮರದ ಕೆಳಗೆ ಕನ್ನಡಿ ಇಟ್ಟುಕೊಂಡು ಕೂರುತ್ತಿದ್ದರಲ್ಲ, ಹಾಗೆ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಶ್ವಾನ ಪ್ರದರ್ಶನ, 1873ರಲ್ಲಿ ಲಂಡನ್‌ನಲ್ಲಿ ಕೆನಲ್ ಕ್ಲಬ್. ಯಾವ ತಳಿಯ ಕೂದಲು ಹೇಗಿರಬೇಕು ಅಂತ ಕಾಗದದ ಮೇಲೆ ಬರೆದರು. ಬರೆದ ಮೇಲೆ ಕತ್ತರಿಸಿ ಹಾಗೇ ಮಾಡಬೇಕಲ್ಲ!

ನಮ್ಮ ದೇಶಕ್ಕೆ ಆ ನಾಯಿಗಳು ಸಾಹೇಬರ ಜೊತೆ ಬಂದವು. 1871ರಲ್ಲಿ ಮುಂಬೈ ಕಡೆಯ ರೈಲು ಮತ್ತು ಮದ್ರಾಸ್ ಕಡೆಯ ರೈಲು ಕೂಡಿದ್ದು ನಮ್ಮ ರಾಯಚೂರಿನಲ್ಲೇ. ರೈಲಿನ ಗಾರ್ಡ್ ಡಬ್ಬಿಯಲ್ಲಿ ನಾಯಿಗೆ ಪೆಟ್ಟಿಗೆ ಇರುವುದು ಆ ಕಾಲದ ಪದ್ಧತಿ, ಈಗಲೂ ಬುಕ್ ಮಾಡಬಹುದು. ಸಾಹೇಬರ ಬಂಗಲೆಗಳಲ್ಲಿ ನಾಯಿ ನೋಡಿಕೊಳ್ಳಲೆಂದೇ ಒಬ್ಬ ಆಳು ಇರುತ್ತಿದ್ದ. ಅವನಿಗೆ ಡೋರಿಯಾ ಅನ್ನುತ್ತಿದ್ದರು, ಡೋರಿ ಅಂದರೆ ಹಗ್ಗ ಹಿಡಿದವನು ಅಂತ. ಸ್ನಾನ, ಬಾಚಣಿಗೆ, ಉಣ್ಣಿ ಹೆಕ್ಕುವುದು, ಅಡ್ಡಾಡಿಸುವುದು ಎಲ್ಲ ಅವನದೇ. ಖರ್ಚು ಯಾರಿಗೂ ಕಾಣುತ್ತಿರಲಿಲ್ಲ, ಯಾಕಂದರೆ ಮನುಷ್ಯನ ಕೂಲಿ ಅಷ್ಟು ಅಗ್ಗ ಇತ್ತು. ಈಗ ಅದೇ ಕೆಲಸಕ್ಕೆ ಬಿಲ್ಲು ಕೊಡುತ್ತಾರೆ, ನಾವು ಹೌಹಾರುತ್ತೇವೆ.

ಉಳಿದದ್ದು ನಿಮಗೇ ಗೊತ್ತಿದೆ. 1994ರ ಹಿಂದಿ ಸಿನಿಮಾದಲ್ಲಿ ಟಫಿ ಅನ್ನುವ ಬಿಳಿ ನಾಯಿ ಬಂತು, ಮನೆಮನೆಗೆ ಪಾಮ್ ಬಂತು. 2003ರಲ್ಲಿ ಹಚ್ ಮೊಬೈಲ್ ಜಾಹೀರಾತು ಬಂತು, ಪಗ್ ಬಂತು. 2022ರಲ್ಲಿ ನಮ್ಮದೇ '777 ಚಾರ್ಲಿ' ಬಂತು, ಮಕ್ಕಳು ಲ್ಯಾಬ್ರಡಾರ್ ಕೇಳಿದರು. ಒಂದು ಮಾತು ಒಪ್ಪಿಕೊಳ್ಳಬೇಕು: ಈ ಆಸೆ ಹುಟ್ಟಿಸಿದವರಲ್ಲಿ ನಾವು ಟಿವಿಯವರೂ ಇದ್ದೇವೆ. ವಾಣಿಜ್ಯ ಸಂತಾನೋತ್ಪತ್ತಿಗೆ ವಿದೇಶಿ ನಾಯಿ ತರಿಸುವುದಕ್ಕೆ 2016ರಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಆದರೆ ಅಷ್ಟರಲ್ಲಿ ತಳಿಗಳು ಇಲ್ಲೇ ಬೇರೂರಿದ್ದವು.

ಈಗ ದರಕ್ಕೆ ಬರೋಣ. ಬೆಂಗಳೂರು, ಹೈದರಾಬಾದ್‌ನಂಥ ಊರುಗಳಲ್ಲಿ ಸ್ನಾನ, ಒಣಗಿಸುವುದು, ಬಾಚುವುದು, ಉಗುರು, ಕಿವಿ ಇಷ್ಟಕ್ಕೆ ಐನೂರರಿಂದ ಸಾವಿರದ ಆಸುಪಾಸು. ಪೂರ್ತಿ ಕಟಿಂಗ್ ಸೇರಿದರೆ ಒಂದೂವರೆಯಿಂದ ಎರಡೂವರೆ ಸಾವಿರ. ದೊಡ್ಡ ನಾಯಿಗೆ ಇನ್ನೂ ಮೇಲೆ. ದುಬಾರಿ ಅನ್ನುವ ಮೊದಲು ಲೆಕ್ಕ ಹಾಕಿ. ಒಂದು ಶಿಟ್ಜುವಿಗೆ ಸರಿಯಾಗಿ ಮಾಡಿದರೆ ಎರಡು ಗಂಟೆ ಹಿಡಿಯುತ್ತದೆ. ನಿಮ್ಮ ಕಟಿಂಗಿಗೆ ಹದಿನೈದು ನಿಮಿಷ, ಅದರಲ್ಲೂ ನೀವು ಅಲ್ಲಾಡದೆ ಕೂರುತ್ತೀರಿ, ಕಚ್ಚುವುದಿಲ್ಲ. ಬಿಲ್ಲಿನಲ್ಲಿ ಸೆಂಟು, ರಿಬ್ಬನ್ನು, 'ಸ್ಪಾ' ಅಂತ ಬರೆದದ್ದು ಮಾತ್ರ ಧಾರಾಳವಾಗಿ ಹೊಡೆದು ಹಾಕಿಸಿ, ಅದು ನಾಯಿಗಲ್ಲ, ನಿಮಗೆ. ಸಿಕ್ಕು ಬಿಡಿಸಲು ಬೇರೆ ದುಡ್ಡು ಕೇಳಿದರೆ ಜಗಳಕ್ಕೆ ನಿಲ್ಲಬೇಡಿ. ಅದು ನಾವು ಮನೆಯಲ್ಲಿ ಬಾಚದ ತಪ್ಪಿಗೆ ಬಿದ್ದ ದಂಡ. ದಿನಾ ಹತ್ತು ನಿಮಿಷ ಬಾಚಣಿಗೆ ಆಡಿಸಿದರೆ ಆ ದಂಡವೂ ಇಲ್ಲ, ಆರರಿಂದ ಎಂಟು ವಾರಕ್ಕೊಮ್ಮೆ ಕಟಿಂಗ್ ಮಾಡಿಸಿದರೂ ಸಾಕು.

ಅಗ್ಗ ಅಂತ ಹೋಗುವವರಿಗೆ ನನ್ನ ಮನೆಯ ಕಥೆ ಹೇಳುತ್ತೇನೆ. ನಮ್ಮಲ್ಲಿ ಒಂದು ಬಿಳಿ ಪಾಮ್ ಇತ್ತು. ಒಂದು ಬೇಸಿಗೆಯಲ್ಲಿ ಪಾಪ ಸೆಕೆ ಅಂತ ಒಂದು ಅಂಗಡಿಗೆ ಒಯ್ದು, ಪೂರ್ತಿ ಬೋಳಿಸಿ ಅಂದೆ. ಹೇಳಿದವನು ನಾನೇ. ಬೇಡ ಅನ್ನಬೇಕಾದ ಹುಡುಗ ಬೇಡ ಅನ್ನಲಿಲ್ಲ, ಇಪ್ಪತ್ತು ನಿಮಿಷದಲ್ಲಿ ಮಷಿನ್ ಹೊಡೆದು ಮುನ್ನೂರು ತಗೊಂಡ. ಎರಡು ಪದರದ ಕೂದಲಿರುವ ನಾಯಿಗೆ ಆ ಕೂದಲೇ ಬಿಸಿಲಿಗೆ ಛತ್ರಿ. ನಾಯಿ ನಮ್ಮ ಹಾಗೆ ಮೈಯಿಂದ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ತಣಿಯುತ್ತದೆ. ಬೋಳಿಸಿದ ಮೇಲೆ ಬೆನ್ನಿನ ಚರ್ಮ ಕೆಂಪಾಯಿತು, ಹುಣ್ಣಾಯಿತು. ಡಾಕ್ಟರ ಹತ್ತಿರ ಎರಡು ತಿಂಗಳು ಅಲೆದೆ. ಕೂದಲು ಮತ್ತೆ ಬಂತು, ಆದರೆ ಅಲ್ಲಲ್ಲಿ, ತೇಪೆ ಹಚ್ಚಿದ ಹಾಗೆ. ಸಾಯುವವರೆಗೂ ಅದು ಹಾಗೇ ಇತ್ತು. ಮುನ್ನೂರಕ್ಕೆ ನಾನು ಕೊಂಡದ್ದು ಅದು.

ಅದಕ್ಕೇ ಹೇಳುತ್ತೇನೆ, ದರ ಕೇಳುವ ಮೊದಲು ಕೈ ನೋಡಿ. ನೀವು ಹೋದ ಕೂಡಲೇ ರೇಬೀಸ್ ಲಸಿಕೆಯ ಕಾರ್ಡ್ ಎಲ್ಲಿ ಅಂತ ಕೇಳುತ್ತಾರಾ? ಕೇಳಿದರೆ ಒಳ್ಳೆಯ ಅಂಗಡಿ, ಯಾಕಂದರೆ ನಿಮ್ಮದಕ್ಕಿಂತ ಮುಂಚೆ ಬಂದ ನಾಯಿಯನ್ನೂ ಕೇಳಿರುತ್ತಾರೆ. ಮಷಿನ್ ಬ್ಲೇಡು ಒರೆಸಿ ಔಷಧಿ ಹೊಡೆಯುತ್ತಾರಾ? ಗಾಜಿನಾಚೆಯಿಂದಲಾದರೂ ನೋಡಲು ಬಿಡುತ್ತಾರಾ? "ನೀವು ಹೋಗಿ ಬನ್ನಿ, ನಾವು ನೋಡ್ಕೋತೀವಿ" ಅನ್ನುವ ಕಡೆ ನಾನಂತೂ ಬಿಡುವುದಿಲ್ಲ. ಡಾಕ್ಟರಿಲ್ಲದೆ ಮತ್ತಿನ ಔಷಧಿ ಕೊಡುತ್ತೇವೆ ಅಂದರೆ ನಾಯಿ ಎತ್ತಿಕೊಂಡು ಹೊರಟು ಬನ್ನಿ. ಪಗ್, ಶಿಟ್ಜುವಿನಂಥ ಚಪ್ಪಟೆ ಮೂಗಿನವಕ್ಕೆ ಮೊದಲೇ ಉಸಿರಾಟ ಕಷ್ಟ. ಬಿಸಿ ಗಾಳಿಯ ಡ್ರೈಯರ್ ಮುಂದೆ ಪಂಜರದಲ್ಲಿ ಕೂಡಿ ಹಾಕಿದರೆ ಜೀವಕ್ಕೇ ಅಪಾಯ.

ರಾಯಚೂರು ನಗರದವರಿಗೆ ಇದೆಲ್ಲ ನೋಡಿ ಆರಿಸುವ ಅವಕಾಶ ಇದೆ. ದೇವದುರ್ಗ, ಮಾನ್ವಿಯವರಿಗೆ ಹಾಗಲ್ಲ. ಹೋಗಿ ಬರಲು ನೂರು ಕಿಲೋಮೀಟರ್ ಹತ್ತಿರ ಹತ್ತಿರ ಆಗುತ್ತದೆ, ಬಿಸಿಲಲ್ಲಿ ನಾಯಿಗೂ ಸುಸ್ತು. ಅವರು ಮೂರು ನಾಲ್ಕು ಮನೆಯವರು ಸೇರಿ ಒಂದೇ ದಿನಕ್ಕೆ ಕೆಲಸ ಬಲ್ಲ ಒಬ್ಬರನ್ನು ಊರಿಗೇ ಕರೆಸಿಕೊಳ್ಳಲಿ. ಎಣ್ಣೆಯ ಖರ್ಚು ಹಂಚಿಹೋಗುತ್ತದೆ. ಉಣ್ಣಿ, ತುರಿಕೆ, ಕಿವಿಯ ಕೀವು ಕಂಡರೆ ಮಾತ್ರ ಕಟಿಂಗಿನವರ ಹತ್ತಿರ ಹೋಗಲೇಬೇಡಿ. ತಾಲೂಕು ಪಶು ಆಸ್ಪತ್ರೆ ನಿಮ್ಮ ಊರಲ್ಲೇ ಇದೆ. ಉಣ್ಣಿಯಿಂದ ಬರುವ ಜ್ವರ ನಾಯಿಯನ್ನು ಕೊಲ್ಲುತ್ತದೆ, ಅದು ಶಾಂಪೂವಿಗೆ ಬಗ್ಗುವುದಿಲ್ಲ. ಶಾಂಪೂ ಅಂದೆ ನೋಡಿ, ಮನುಷ್ಯರ ಶಾಂಪೂ ಬೇಡ. ಅದು ನಮ್ಮ ಚರ್ಮದ ಹುಳಿಗೆ ಹೊಂದುವಂತೆ ಮಾಡಿದ್ದು. ನಾಯಿ ಚರ್ಮದ ಗುಣವೇ ಬೇರೆ, ಒಣಗಿ ತುರಿಕೆ ಶುರುವಾಗುತ್ತದೆ.

ಇನ್ನೂ ನಾಯಿ ತಂದಿಲ್ಲದವರಿಗೆ ಎಲ್ಲಕ್ಕಿಂತ ದೊಡ್ಡ ಉಳಿತಾಯ ತರುವ ಮೊದಲೇ ಇದೆ. ಮನೆ ಮುಂದಿನ ಬೀದಿ ನಾಯಿಮರಿಯನ್ನು ಒಳಗೆ ಕರೆದು, ಲಸಿಕೆ ಹಾಕಿಸಿ ಸಾಕಿ ನೋಡಿ. ಕತ್ತರಿಯ ಖರ್ಚು ಸೊನ್ನೆ. ಉದ್ದ ಕೂದಲಿನದೇ ಬೇಕು ಅಂದರೆ ತನ್ನಿ, ನಾನು ಬೇಡ ಅನ್ನಲು ಯಾರು? ಆದರೆ ವರ್ಷಕ್ಕೆ ಏಳೆಂಟು ಕಟಿಂಗ್ ಇಟ್ಟುಕೊಂಡು, ಹತ್ತು ಹನ್ನೆರಡು ವರ್ಷದ ಲೆಕ್ಕ ಹಾಕಿ ತನ್ನಿ. ಆ ಲೆಕ್ಕ ಹಾಕದವರ ಮನೆಯ ನಾಯಿಗಳೇ ಸಿಕ್ಕುಗಟ್ಟಿದ ಕೂದಲು ಹೊತ್ತುಕೊಂಡು, ಕೊರಳಲ್ಲಿ ಇನ್ನೂ ಪಟ್ಟಿ ಇದ್ದ ಹಾಗೇ ಬಸ್ ಸ್ಟ್ಯಾಂಡುಗಳಲ್ಲಿ ಸಿಗುವುದು. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿ ಗೊತ್ತು, ಇವಕ್ಕೆ ಗೊತ್ತಿಲ್ಲ.

ಇದನ್ನೆಲ್ಲ ಫೋನಿನಲ್ಲೇ ದೇವದುರ್ಗದವರಿಗೆ ಹೇಳಿದ್ದೆ, ಆತಕೂರಿನ ಕಾಳಿಯ ಕಥೆಯೂ ಸೇರಿ. ಹದಿನೈದು ದಿನ ಬಿಟ್ಟು ಮತ್ತೆ ಮಾಡಿದರು. ಕಟಿಂಗ್ ಮಾಡಿಸಿಕೊಂಡು ಬಂದಿದ್ದರು, ರಿಬ್ಬನ್ನು ಬೇಡ ಅಂದು ಇನ್ನೂರು ಉಳಿಸಿದ್ದರು, ಒಂದು ಬಾಚಣಿಗೆ ಕೊಂಡಿದ್ದರು. "ಮಗಳು ಎರಡು ದಿನ ಬಾಚಿದಳ್ರಿ. ಈಗ ನನ್ನ ಪಾಲಿಗೆ ಬಂದೈತಿ. ದಿನಾ ರಾತ್ರಿ ನಿಮ್ಮ ಬುಲೆಟಿನ್ ನೋಡ್ಕೋತ ಬಾಚ್ತೀನಿ. ನೀವು ಒದರಾಕ ಹತ್ತಿದ್ರ ಮಾತ್ರ ಅದು ಎದ್ದು ಒಳಗ ಹೋಗ್ತೈತ್ರಿ."