ಬಡ್ಡಿಯ ಲೆಕ್ಕ: ಮಗ್ಗಿಯಿಂದ ಮೊಬೈಲಿಗೆ

‘ನೂರಕ್ಕೆ ಎರಡು ರೂಪಾಯಿ’ ಎಂದರೆ ಕನ್ನಡ ನಾಡಿನ ಯಾವ ಪೇಟೆಯಲ್ಲೂ ಬೇರೆ ವಿವರಣೆ ಬೇಕಿಲ್ಲ. ನೂರು ರೂಪಾಯಿ ಸಾಲಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ ಶೇ. 24. ಕಾರವಾರದ ಮೀನು ವ್ಯಾಪಾರಿಗೂ ಅಂಕೋಲೆಯ ಗದ್ದೆಯ ಒಡೆಯನಿಗೂ ಇಷ್ಟು ಲೆಕ್ಕ ಬೆರಳ ತುದಿಯಲ್ಲಿದೆ. ಆದರೆ ಅವಧಿ ಹತ್ತಾರು ವರ್ಷಕ್ಕೆ ಬೆಳೆದು, ನಡುವೆ ದರ ಬದಲಾಗಿ, ತಿಂಗಳ ಮಧ್ಯದ ತಾರೀಕುಗಳು ಸೇರಿಕೊಂಡರೆ ಬೆರಳು ಸಾಲದು. ಅಲ್ಲಿಂದ ಮುಂದೆ ಲೆಕ್ಕ ಬೇರೆಯವರ ಕೈಗೆ ಹೋಗುತ್ತದೆ. ಶಾನುಭೋಗರು, ಬ್ಯಾಂಕಿನ ಗುಮಾಸ್ತರು, ವಕೀಲರು ಹೇಳಿದ ಮೊತ್ತವನ್ನು ಒಪ್ಪಿಕೊಳ್ಳುವುದಷ್ಟೇ ಉಳಿದವರ ಪಾಲಿಗೆ ಬಂದಿತ್ತು. ಈಗ ಆ ಲೆಕ್ಕ ಮಾಡುವ ಸಾಧನ ಎಲ್ಲರ ಜೇಬಿನಲ್ಲಿರುವ ಮೊಬೈಲಿಗೆ ಬಂದಿದೆ. ಬಡ್ಡಿ ಲೆಕ್ಕದ ಇತಿಹಾಸದಲ್ಲಿ ಇದೊಂದು ಗಮನಿಸಬೇಕಾದ ತಿರುವು.

ಗಣಿತಜ್ಞರು ಮತ್ತು ಮಗ್ಗಿ

ಬಡ್ಡಿಯ ಲೆಕ್ಕ ಕನ್ನಡಿಗರಿಗೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರ ಸಂಗ್ರಹ’ದಲ್ಲಿ ಅಸಲು ಮತ್ತು ಬಡ್ಡಿ ಬೆರೆತ ಮೊತ್ತದಿಂದ ಎರಡನ್ನೂ ಬೇರ್ಪಡಿಸುವ ಸಮಸ್ಯೆಗಳಿವೆ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲೇ ರಚಿಸಿದ.

ಗ್ರಂಥಗಳ ಗಣಿತ ಪಂಡಿತರಲ್ಲಿ ಉಳಿದರೆ, ಜನರ ಗಣಿತ ಮಗ್ಗಿಯಲ್ಲಿತ್ತು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿದವನಿಗೆ ಕಾಗದವೇ ಬೇಕಿರಲಿಲ್ಲ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿ ಕಡೆಯ ಮರಾಠಿ ಶಾಲೆಗಳಲ್ಲಿ ಇದೇ ಮಗ್ಗಿಗಳಿಗೆ ಪಾವಕಿ, ನಿಮಕಿ ಎಂಬ ಹೆಸರಿತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲದಲ್ಲಿ ಭಿನ್ನರಾಶಿಯ ಮಗ್ಗಿಯಿಲ್ಲದೆ ವ್ಯಾಪಾರ ಸಾಗುತ್ತಿರಲಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯ ಪದ್ಧತಿ ಬಂದ ಮೇಲೆ ಆ ಮಗ್ಗಿಗಳ ಅಗತ್ಯ ಕ್ರಮೇಣ ಕಡಿಮೆಯಾಯಿತು. ಕಚೇರಿಗಳ ಮೇಜಿನ ಮೇಲೆ ಬಡ್ಡಿಯ ಕೋಷ್ಟಕಗಳಿದ್ದ ‘ರೆಡಿ ರೆಕನರ್’ ಪುಸ್ತಕವೂ, ಹಿಡಿ ತಿರುಗಿಸಿ ಗುಣಿಸುವ ಸ್ವೀಡನ್ ಮೂಲದ ಫೇಸಿಟ್ ಯಂತ್ರವೂ ಕುಳಿತವು.

ಐದು ಕೀಲಿಗಳ ಯಂತ್ರ

ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿ 1981ರಲ್ಲಿ ‘ಎಚ್‌ಪಿ-12ಸಿ’ ಎಂಬ ಕ್ಯಾಲ್ಕುಲೇಟರನ್ನು ಹೊರತಂದಿತು. ಅಂಗೈಯಲ್ಲಿ ಹಿಡಿಸುವ, ಚಿನ್ನದ ಬಣ್ಣದ ಪಟ್ಟಿಯಿರುವ ಈ ಯಂತ್ರ ಜಗತ್ತಿನ ಬ್ಯಾಂಕು, ಶೇರು ವ್ಯವಹಾರದವರ ಗುರುತಾಗಿಬಿಟ್ಟಿತು. ಅದರ ಮೇಲಿನ ಸಾಲಿನಲ್ಲಿ ಐದು ಕೀಲಿಗಳು: ಕಂತುಗಳ ಸಂಖ್ಯೆ, ಬಡ್ಡಿ ದರ, ಇಂದಿನ ಮೊತ್ತ, ಕಂತಿನ ಹಣ, ಕೊನೆಯ ಮೊತ್ತ. ಇವುಗಳಲ್ಲಿ ಗೊತ್ತಿರುವುದನ್ನು ತುಂಬಿದರೆ ಉಳಿದದ್ದನ್ನು ಯಂತ್ರ ಹೇಳುತ್ತದೆ.

ಇದರಲ್ಲಿ ‘ಸಮ’ ಚಿಹ್ನೆಯ ಕೀಲಿಯೇ ಇಲ್ಲ. ಮೊದಲು ಎರಡು ಅಂಕೆ, ಆಮೇಲೆ ಕೂಡು ಅಥವಾ ಗುಣಿಸು ಎಂಬ ಆಜ್ಞೆ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ ರೂಪಿಸಿದ ಬರಹ ಕ್ರಮವನ್ನು ತಿರುಗುಮುರುಗಾಗಿಸಿದ ವಿಧಾನವಿದು. ಇಂಗ್ಲಿಷ್ ಬಲ್ಲವರಿಗೆ ವಿಚಿತ್ರವೆನಿಸುವ ಈ ಕ್ರಮ ಕನ್ನಡಿಗರಿಗೆ ಸಹಜವೆನಿಸಬೇಕು. ‘ಎರಡಕ್ಕೆ ಮೂರು ಕೂಡಿಸು’ ಎನ್ನುವಾಗ ನಮ್ಮ ಕ್ರಿಯಾಪದವೂ ಕೊನೆಗೇ ಬರುತ್ತದೆ.

2007ರಲ್ಲಿ ಐಫೋನ್, 2008ರಲ್ಲಿ ಆಂಡ್ರಾಯ್ಡ್ ಫೋನ್ ಬಂದ ಮೇಲೆ ಇದೇ ಯಂತ್ರ ಪರದೆಯ ಮೇಲಿನ ಚಿತ್ರವಾಯಿತು. ಅದೇ ಕೀಲಿಗಳು, ಅದೇ ಉತ್ತರ. ಹಣಕಾಸು ವಿಶ್ಲೇಷಕರ ಸಿಎಫ್‌ಎ ಪರೀಕ್ಷೆಯಂಥ ಕಡೆ ಮೊಬೈಲಿಗೆ ಪ್ರವೇಶವಿಲ್ಲದ್ದರಿಂದ ಹಳೆಯ ಯಂತ್ರವೂ ಉಳಿದುಕೊಂಡಿದೆ. ಉಳಿದ ಕಡೆಯೆಲ್ಲ ಮೊಬೈಲಿನ ಆ್ಯಪ್ ಅದರ ಸ್ಥಾನ ಹಿಡಿದಿದೆ.

ನೆಲದ ಬೆಲೆ, ಕಾಲದ ಬೆಲೆ

ಕಾರವಾರ ಮತ್ತು ಅಂಕೋಲೆಗಳಲ್ಲಿ ಬಡ್ಡಿಯ ಲೆಕ್ಕ ಸಾಲಕ್ಕಷ್ಟೇ ಸೇರಿದ್ದಲ್ಲ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ‘ಐಎನ್‌ಎಸ್ ಕದಂಬ’ ಸೇವೆಗೆ ಸೇರಿತು. ಇದಕ್ಕಾಗಿ ಎರಡೂ ತಾಲೂಕುಗಳ ಕರಾವಳಿ ಹಳ್ಳಿಗಳ ಜನ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟರು. ಹೆಚ್ಚಿನ ಪರಿಹಾರ ಕೋರಿ ಅವರು ಹೂಡಿದ ದಾವೆಗಳು ದಶಕಗಳ ಕಾಲ ನಡೆದವು. ಇಂಥ ದಾವೆಯಲ್ಲಿ ನೆಲದ ಬೆಲೆಯಷ್ಟೇ ದೊಡ್ಡದು ಕಾಯಿಸಿದ ಕಾಲದ ಬೆಲೆ, ಅಂದರೆ ಬಡ್ಡಿ.

1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿಯಂತೆ ಮಾರುಕಟ್ಟೆ ಬೆಲೆಯ ಮೇಲೆ ಶೇ. 30 ಸಾಂತ್ವನ ಧನ ಸಿಗುತ್ತಿತ್ತು. ಕಚೇರಿಗಳಲ್ಲಿ ಇದಕ್ಕೆ ‘ಸೊಲೇಶಿಯಂ’ ಎನ್ನುತ್ತಾರೆ. ಬಾಕಿ ಉಳಿದ ಹಣಕ್ಕೆ ಸ್ವಾಧೀನವಾದ ದಿನದಿಂದ ಮೊದಲ ವರ್ಷ ಶೇ. 9, ಮುಂದೆ ಶೇ. 15 ಬಡ್ಡಿ. ಒಂದು ಉದಾಹರಣೆ ನೋಡಬಹುದು. ನ್ಯಾಯಾಲಯ ಹೆಚ್ಚಿಸಿದ ಬೆಲೆ 1 ಲಕ್ಷ ರೂಪಾಯಿ, ಅದು ಕೈಗೆ ಬರಲು ಹಿಡಿದದ್ದು 10 ವರ್ಷ ಎಂದುಕೊಳ್ಳೋಣ. ಮೊದಲ ವರ್ಷಕ್ಕೆ 9,000, ಉಳಿದ ಒಂಬತ್ತು ವರ್ಷಕ್ಕೆ 1,35,000, ಒಟ್ಟು ಬಡ್ಡಿ 1,44,000 ರೂಪಾಯಿ. ಇದು ಸರಳ ಬಡ್ಡಿ.

ಇದೇ ಅಂಕೆಗಳನ್ನು ಮೊಬೈಲಿನ ಐದು ಕೀಲಿಗಳಲ್ಲಿ ತುಂಬಿದರೆ ಬಡ್ಡಿ 2,83,000 ರೂಪಾಯಿ ದಾಟುತ್ತದೆ. ಯಂತ್ರ ತಪ್ಪಿಲ್ಲ; ಆ ಕೀಲಿಗಳು ಲೆಕ್ಕ ಹಾಕುವುದು ಚಕ್ರಬಡ್ಡಿಯನ್ನು. ಸರಳ ಬಡ್ಡಿಗೆ ಅದೇ ಯಂತ್ರದಲ್ಲಿ ಬೇರೆಯೇ ಕೀಲಿಯಿದೆ. ಅದು ಅರಿಯದವನು ತನಗೆ ಅರ್ಧದಷ್ಟು ಹಣ ಮೋಸವಾಯಿತೆಂದು ವೃಥಾ ಕೊರಗಬಹುದು.

ನಿಜವಾಗಿ ಹಣ ತಪ್ಪಿಹೋಗುವ ಜಾಗವೂ ಇದೆ. ಸಾಂತ್ವನ ಧನದ ಮೇಲೂ ಬಡ್ಡಿ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರ ಸೆಪ್ಟೆಂಬರ್ 19ರಂದು, ಸುಂದರ್ ಪ್ರಕರಣದಲ್ಲಿ, ಸಲ್ಲುತ್ತದೆ ಎಂದು ತೀರ್ಪಿತ್ತಿತು. ಆಗ ಮೇಲಿನ ಉದಾಹರಣೆಯಲ್ಲಿ ಬಡ್ಡಿ ಬೀಳುವುದು 1 ಲಕ್ಷಕ್ಕಲ್ಲ, 1 ಲಕ್ಷ 30 ಸಾವಿರಕ್ಕೆ. ಬಡ್ಡಿ 1,87,200 ರೂಪಾಯಿ ಆಗುತ್ತದೆ. ವ್ಯತ್ಯಾಸ 43,200. ವಕೀಲರು ನ್ಯಾಯಾಲಯಕ್ಕೆ ಸಲ್ಲಿಸುವ ಲೆಕ್ಕದ ಮೆಮೊದಲ್ಲಿ ಈ ಒಂದು ಸಾಲು ಇದೆಯೇ ಇಲ್ಲವೇ ಎಂಬುದರ ಮೇಲೆ ಇಷ್ಟು ಹಣ ನಿಂತಿರುತ್ತದೆ. 2006ರ ಗುರುಪ್ರೀತ್ ಸಿಂಗ್ ಪ್ರಕರಣದಲ್ಲಿ ನ್ಯಾಯಾಲಯ ಇನ್ನಷ್ಟು ಸ್ಪಷ್ಟನೆ ನೀಡಿತು: ಮುಗಿದ ಪ್ರಕರಣಗಳನ್ನು ಮತ್ತೆ ತೆರೆಯುವಂತಿಲ್ಲ; ತೀರ್ಪಿನಲ್ಲಿ ಈ ಬಡ್ಡಿಯ ಪ್ರಸ್ತಾಪವಿಲ್ಲದ, ಇನ್ನೂ ಜಾರಿಯಲ್ಲಿರುವ ಪ್ರಕರಣಗಳಲ್ಲಿ 2001ರ ಸೆಪ್ಟೆಂಬರ್ 19ರಿಂದ ಮುಂದಕ್ಕೆ ಮಾತ್ರ ಕೇಳಬಹುದು. 1894ರ ಕಾಯ್ದೆಯ ಜಾಗಕ್ಕೆ 2014ರ ಜನವರಿ 1ರಿಂದ ಹೊಸ ಕಾಯ್ದೆ ಬಂದು ಸಾಂತ್ವನ ಧನ ಶೇ. 100ಕ್ಕೆ ಏರಿದೆ. ಬಡ್ಡಿಯ 9 ಮತ್ತು 15ರ ದರ ಹಾಗೆಯೇ ಉಳಿದಿದೆ.

ಸಾಲಗಾರನ ಕೈಯಲ್ಲೂ

ಸಾಲದಲ್ಲೂ ಇಂಥದೇ ಮರೆ ಇದೆ. ದೋಣಿಯ ಎಂಜಿನ್ನಿಗೋ ಬೈಕಿಗೋ 1 ಲಕ್ಷ ಸಾಲ, ‘ಫ್ಲಾಟ್’ ಶೇ. 12, ಮೂರು ವರ್ಷ ಎಂದರೆ ತಿಂಗಳ ಕಂತು ಸುಮಾರು 3,778 ರೂಪಾಯಿ. ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟುವ ಪದ್ಧತಿಯಿದು. ಉಳಿದ ಅಸಲಿಗೆ ಮಾತ್ರ ಶೇ. 12 ಬಡ್ಡಿ ಹಾಕಿದ್ದರೆ ಕಂತು 3,321 ರೂಪಾಯಿ. ಮೊದಲ ಕಂತನ್ನು ಆ್ಯಪ್‌ಗೆ ತುಂಬಿ ದರ ಕೇಳಿದರೆ ಅದು ಹೇಳುವುದು 12 ಅಲ್ಲ, ಸುಮಾರು 21. ನಿಜವಾದ ವಾರ್ಷಿಕ ದರವನ್ನು ಸಾಲಗಾರನಿಗೆ ಬರೆದು ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ತನ್ನ ನಿಯಂತ್ರಣದ ಸಂಸ್ಥೆಗಳಿಗೆ ಆದೇಶಿಸಿ, ಅದನ್ನು 2024ರ ಅಕ್ಟೋಬರ್ 1ರಿಂದ ಎಲ್ಲ ಚಿಲ್ಲರೆ ಸಾಲಗಳಿಗೂ ವಿಸ್ತರಿಸಿದ್ದು ಈ ಕಾರಣಕ್ಕೇ.

ಮಗ್ಗಿ ಬಲ್ಲವನಿಗೆ ತಾನು ಯಾವ ಲೆಕ್ಕ ಮಾಡುತ್ತಿದ್ದೇನೆ ಎಂಬುದು ತಿಳಿದಿರುತ್ತಿತ್ತು. ಆ್ಯಪ್ ಅಂಕೆಯನ್ನು ಕೇಳುತ್ತದೆಯೇ ಹೊರತು ನಿಯಮವನ್ನು ಕೇಳುವುದಿಲ್ಲ. ಎಚ್‌ಪಿ-12ಸಿಯೂ ಅದರ ಆ್ಯಪ್ ರೂಪವೂ 1582ರ ಅಕ್ಟೋಬರ್ 15ರಿಂದ 4046ನೇ ಇಸವಿಯವರೆಗಿನ ಯಾವ ಎರಡು ತಾರೀಕುಗಳ ನಡುವಿನ ದಿನಗಳನ್ನೂ ಕ್ಷಣದಲ್ಲಿ ಎಣಿಸಬಲ್ಲವು. ಆದರೆ ಗದ್ದೆ ಸರ್ಕಾರದ ವಶವಾದ ತಾರೀಕನ್ನು ಅವು ಹೇಳಲಾರವು. ಅದು ಪಂಚನಾಮೆಯ ಕಾಗದದಲ್ಲಿರುತ್ತದೆ. ಅದರ ನಕಲನ್ನು ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಕುಟುಂಬಕ್ಕೆ ಮಾತ್ರ ಜೇಬಿನ ಯಂತ್ರ ಪೂರ್ತಿ ಉಪಯೋಗಕ್ಕೆ ಬರುತ್ತದೆ.